ಕೈಗಾದ ಒಂದು ದಿನಕ್ಕೆ ಎಷ್ಟು ಯುರೇನಿಯಂ?

(ಕಾರವಾರದಲ್ಲಿ ಪಿಯು ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಹಾಕಿದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಗುರುತು ಹಾಕುತ್ತಿದ್ದರು. ನಿಮ್ಮ ಮನೆಗಳಲ್ಲೂ ಹಾಕುತ್ತಾರೆ, ಅಲ್ವಾ? ಹೋದ ಸಲ 40 ದಿನ ಬಂತು, ಈ ಸಲ ನೆಂಟರು ಬಂದಿದ್ದರು, 33 ದಿನಕ್ಕೇ ಮುಗಿಯಿತು. ಈ ಲೆಕ್ಕಕ್ಕೆ ಅಮ್ಮನಿಗೆ ಯಾವ ಮೀಟರೂ ಬೇಕಿರಲಿಲ್ಲ. ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇದೆ, ದಿನಕ್ಕೆ ಇಷ್ಟು ಅಡುಗೆ ಆಗುತ್ತದೆ. ಅಷ್ಟು ಗೊತ್ತಿದ್ದರೆ ಎಷ್ಟು ದಿನ ಬರುತ್ತದೆ ಅಂತ ಹೇಳಬಹುದು.

ಇವತ್ತು ನಾವು ಮಾಡುವುದೂ ಇದೇ ಲೆಕ್ಕ. ಒಲೆ ಮಾತ್ರ ದೊಡ್ಡದು. ಇಲ್ಲಿಂದ ಕಾಳಿ ನದಿಯ ದಂಡೆ ಹಿಡಿದು ಹೋದರೆ ಕೈಗಾ. ಅಲ್ಲಿಯ ಅಣು ವಿದ್ಯುತ್ ಕೇಂದ್ರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಒಂದು ಘಟಕ ಒಂದು ದಿನ ಪೂರ್ತಿ ಓಡಿದರೆ ಎಷ್ಟು ಇಂಧನ ತಿನ್ನುತ್ತದೆ? ಹೊರಗಿನಿಂದಲೇ, ಎಲ್ಲರಿಗೂ ಸಿಗುವ ಕೆಲವು ಅಂಕಿಗಳನ್ನು ಇಟ್ಟುಕೊಂಡು ಇದನ್ನು ಹೇಳಬಹುದು. ಆ ಧೈರ್ಯ ನಿಮಗೆ ಬರಲಿ ಅಂತ ನನ್ನ ಆಸೆ. ಕೈಗಾ ಹೆಸರು ಕೇಳಿದರೆ ಈ ಜಿಲ್ಲೆಯಲ್ಲಿ ಕೆಲವರಿಗೆ ಹೆಮ್ಮೆ, ಕೆಲವರಿಗೆ ಭಯ. ಯಾವ ಪಕ್ಷದಲ್ಲೇ ಇರಿ, ಲೆಕ್ಕ ಗೊತ್ತಿದ್ದು ಮಾತಾಡುವುದಕ್ಕೂ ಸುಮ್ನೆ ಮಾತಾಡುವುದಕ್ಕೂ ತುಂಬ ವ್ಯತ್ಯಾಸ ಇದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. 220 ಮೆಗಾವಾಟ್ ಅನ್ನುವುದು ಹೊರಗೆ ಬರುವ ಕರೆಂಟಿನ ಅಳತೆ. ಒಳಗೆ ರಿಯಾಕ್ಟರ್ ಮಾಡುವುದು ಕರೆಂಟನ್ನಲ್ಲ, ಶಾಖವನ್ನು. ಆ ಶಾಖದಿಂದ ನೀರು ಕುದಿದು ಹಬೆಯಾಗಬೇಕು, ಹಬೆ ಟರ್ಬೈನ್ ತಿರುಗಿಸಬೇಕು, ಆಮೇಲೆ ಕರೆಂಟು. ಈ ದಾರಿಯಲ್ಲಿ ಶಾಖದ ಹೆಚ್ಚಿನ ಪಾಲು ಕೈತಪ್ಪುತ್ತದೆ. ಕೈಗಾದಂಥ ಘಟಕದ ಶಾಖ ಸುಮಾರು 756 ಮೆಗಾವಾಟ್. ಅದರಲ್ಲಿ ಕರೆಂಟಾಗುವುದು 220, ಅಂದರೆ ನೂರಕ್ಕೆ 29. ಉಳಿದದ್ದು ಬಹುಪಾಲು ಕದ್ರಾ ಜಲಾಶಯದ ನೀರಿಗೆ ಹೋಗುತ್ತದೆ. ಈ ಲೆಕ್ಕ ಮಾಡುವ ತುಂಬ ಜನ ಎಡವುವುದು ಇಲ್ಲೇ. 220 ಹಿಡಿದು ಲೆಕ್ಕ ಶುರು ಮಾಡುತ್ತಾರೆ. ಉತ್ತರ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಬರುತ್ತದೆ. ಇಂಧನ ಖರ್ಚಾಗುವುದು ಶಾಖಕ್ಕೆ. ಹಾಗಾಗಿ 756 ಹಿಡಿಯಬೇಕು.

ಈಗ ನಮ್ಮ ಸಿಲಿಂಡರ್ ಲೆಕ್ಕ. ಒಂದು ಕಿಲೋ ಗ್ಯಾಸ್ ಎಷ್ಟು ಶಾಖ ಕೊಡುತ್ತದೆ ಅನ್ನುವ ಹಾಗೆ, ಒಂದು ಟನ್ ಯುರೇನಿಯಂ ಹೊರಗೆ ತೆಗೆಯುವ ಹೊತ್ತಿಗೆ ಎಷ್ಟು ಶಾಖ ಕೊಟ್ಟಿರುತ್ತದೆ? ಈ ಅಂಕಿಗೆ ಆ ಕೆಲಸದವರು ಬರ್ನ್‌ಅಪ್ ಅನ್ನುತ್ತಾರೆ. ಅದರ ಅಳತೆ ಮೆಗಾವಾಟ್-ದಿನ: ಒಂದು ಮೆಗಾವಾಟ್ ಶಾಖ ಒಂದು ದಿನ ಪೂರ್ತಿ ಬಂದರೆ ಒಂದು ಮೆಗಾವಾಟ್-ದಿನ. ಕೈಗಾದಂಥ ನಮ್ಮ ಭಾರಜಲ ರಿಯಾಕ್ಟರುಗಳಲ್ಲಿ (ಭಾರಜಲ ಅಂದರೆ ಭಾರದ ಜಾತಿಯ ಹೈಡ್ರೋಜನ್ ಇರುವ ನೀರು) ಒಂದು ಟನ್ ಯುರೇನಿಯಂ ಸರಾಸರಿ 6,700 ಮೆಗಾವಾಟ್-ದಿನ ಕೊಡುತ್ತದೆ. ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ಆದರೆ ನಮ್ಮ ಅಂದಾಜಿಗೆ ಇದು ಸಾಕು.

ಇನ್ನು ಒಂದೇ ಭಾಗಾಕಾರ. ಘಟಕಕ್ಕೆ ದಿನಕ್ಕೆ ಬೇಕಾದದ್ದು 756 ಮೆಗಾವಾಟ್-ದಿನ. ಒಂದು ಟನ್ ಕೊಡುವುದು 6,700. 756ನ್ನು 6,700ರಿಂದ ಭಾಗಿಸಿದರೆ 0.113 ಟನ್. ಅಂದರೆ 113 ಕಿಲೋ.

ದಿನಕ್ಕೆ 113 ಕಿಲೋ ಯುರೇನಿಯಂ. ಎರಡು ಅಕ್ಕಿ ಮೂಟೆಗಿಂತ ಸ್ವಲ್ಪ ಜಾಸ್ತಿ ತೂಕ. ಆದರೆ ಗಾತ್ರ ಮೂಟೆಯಷ್ಟಿಲ್ಲ. ಯುರೇನಿಯಂ ಅಲ್ಲಿ ಆಕ್ಸೈಡ್ ರೂಪದಲ್ಲಿ, ಒತ್ತಿ ಸುಟ್ಟ ಸಣ್ಣ ಬಿಲ್ಲೆಗಳಾಗಿ ಇರುತ್ತದೆ. ಅದು ನೀರಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಭಾರ. ಹಾಗಾಗಿ ಒಂದು ದಿನದ ಬಿಲ್ಲೆಗಳನ್ನೆಲ್ಲ ಒತ್ತಟ್ಟಿಗೆ ಹಾಕಿದರೆ ಸುಮಾರು 12 ಲೀಟರ್ ಜಾಗ ಹಿಡಿಯುತ್ತದೆ. ಒಂದು ಕೊಡ ನೀರಿನಷ್ಟು.

ಈ ಉತ್ತರವನ್ನು ನಂಬುವುದು ಹೇಗೆ? ಬೇರೆ ದಾರಿಯಿಂದ ಬಂದು ನೋಡಬೇಕು. ನನಗೆ ತುಂಬ ಇಷ್ಟವಾದ ಭಾಗ ಇದು.

ಕೈಗಾದ ರಿಯಾಕ್ಟರಿನೊಳಗೆ 306 ಅಡ್ಡ ಕೊಳವೆಗಳಿವೆ. ಅವಕ್ಕೆ ಚಾನೆಲ್ ಅನ್ನುತ್ತಾರೆ. ಪ್ರತಿ ಚಾನೆಲ್‌ನಲ್ಲಿ ಒಂದರ ಹಿಂದೆ ಒಂದು 12 ಬಂಡಲ್, ಅಂದರೆ ಇಂಧನದ ಕಟ್ಟು. ಒಟ್ಟು 3,672. ಒಂದು ಬಂಡಲ್ ಅರ್ಧ ಮೀಟರ್ ಉದ್ದ, ಎಂಟು ಸೆಂಟಿಮೀಟರಿನಷ್ಟು ದಪ್ಪ. ಅದರಲ್ಲಿ ಬಿಲ್ಲೆ ತುಂಬಿದ 19 ಕಡ್ಡಿಗಳು. ಇವು ತಯಾರಾಗುವುದು ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿನಲ್ಲಿ. ಒಂದು ಬಂಡಲ್ ತೂಕ ಹದಿನಾರೂವರೆ ಕಿಲೋ ಆಸುಪಾಸು. ಅದರಲ್ಲಿ ಯುರೇನಿಯಂ 13.4 ಕಿಲೋ. ಕೈಯಲ್ಲಿ ಎತ್ತಬಹುದಾದ ವಸ್ತು. ಹೊಸ ಬಂಡಲ್ ಬಗ್ಗೆ ಹೇಳುತ್ತಿದ್ದೇನೆ. ಬಳಸಿ ತೆಗೆದದ್ದರ ಹತ್ತಿರ ಯಾರೂ ಹೋಗುವ ಹಾಗಿಲ್ಲ.

113 ಕಿಲೋವನ್ನು 13.4ರಿಂದ ಭಾಗಿಸಿ. 8.4 ಬಂತು. ಅಂದರೆ ನಮ್ಮ ಲೆಕ್ಕದ ಪ್ರಕಾರ ದಿನಕ್ಕೆ ಎಂಟೂ ಚಿಲ್ಲರೆ ಬಂಡಲ್ ಬದಲಿಸಬೇಕು.

ಈಗ ಕೈಗಾದಲ್ಲಿ ನಿಜವಾಗಿ ನಡೆಯುವುದೇನು ನೋಡಿ. ಈ ಜಾತಿಯ ರಿಯಾಕ್ಟರಿನ ವಿಶೇಷ ಏನೆಂದರೆ ಇಂಧನ ಬದಲಿಸಲು ಅದನ್ನು ನಿಲ್ಲಿಸಬೇಕಿಲ್ಲ. ರಿಯಾಕ್ಟರ್ ಪೂರ್ತಿ ಓಡುತ್ತಿರುವಾಗಲೇ, ಒಳಗೆ ಭಾರಜಲ ಸುಮಾರು 290 ಡಿಗ್ರಿ ಬಿಸಿಯಲ್ಲಿ, ಭಾರಿ ಒತ್ತಡದಲ್ಲಿ ಹರಿಯುತ್ತಿರುವಾಗಲೇ, ಎರಡು ಯಂತ್ರಗಳು ಒಂದು ಚಾನೆಲ್‌ನ ಎರಡು ತುದಿಗೆ ಬಂದು ಕಚ್ಚಿಕೊಳ್ಳುತ್ತವೆ. ಒಂದು ಯಂತ್ರ ಈ ಕಡೆಯಿಂದ ಹೊಸ ಬಂಡಲ್ ತಳ್ಳುತ್ತದೆ. ಇನ್ನೊಂದು ಆ ಕಡೆಯಿಂದ ಹಳೆಯದನ್ನು ಹಿಡಿದುಕೊಳ್ಳುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಎಂಟು. ಉಳಿದ ನಾಲ್ಕು ಹಳೆಯವು ಚಾನೆಲ್‌ನ ಆ ತುದಿಗೆ ಸರಿದು ಅಲ್ಲೇ ಉಳಿಯುತ್ತವೆ. ಹೀಗೆ ದಿನಕ್ಕೆ ಹತ್ತಿರ ಹತ್ತಿರ ಒಂದು ಚಾನೆಲ್.

ಒಂದು ಚಾನೆಲ್, ಎಂಟು ಬಂಡಲ್. ನಮಗೆ ಬಂದದ್ದು 8.4. ಕಾಗದದ ಮೇಲೆ ಮಾಡಿದ ಒಂದು ಭಾಗಾಕಾರವೂ ಆ ಯಂತ್ರದ ದಿನಚರಿಯೂ ಕೂಡಿ ಬಂದವು. ಮೊದಲ ಸಲ ಇದನ್ನು ಹೀಗೆ ಹೊಂದಿಸಿ ನೋಡಿದಾಗ ನನಗೆ ಆದ ಖುಷಿ ಈಗಲೂ ನೆನಪಿದೆ.

ಹಾಗೆಯೇ ಇನ್ನೊಂದು. 3,672 ಬಂಡಲ್, ತಲಾ 13.4 ಕಿಲೋ ಅಂದರೆ ರಿಯಾಕ್ಟರಿನೊಳಗೆ ಯಾವಾಗಲೂ ಇರುವುದು ಸುಮಾರು 49 ಟನ್. ದಿನಕ್ಕೆ 113 ಕಿಲೋ ಅಂದರೆ ಇಷ್ಟೂ ಬದಲಾಗಲು 435 ದಿನ ಬೇಕು. ಆದರೆ ಕೈಗಾದ 1ನೇ ಘಟಕ 2016ರ ಮೇ 13ರಂದು ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದು ಸಲವೂ ನಿಲ್ಲದೆ ಓಡಿತು. ಆಗ ಅದು ಪ್ರಪಂಚದ ದಾಖಲೆ. ಅದಕ್ಕೆ ಮುಂಚೆ ಇಂಗ್ಲೆಂಡಿನ ಹೇಶಮ್‌ನ ಒಂದು ರಿಯಾಕ್ಟರ್ 940 ದಿನ ಓಡಿತ್ತು. ಆಮೇಲೆ ಕೆನಡಾದ ಡಾರ್ಲಿಂಗ್ಟನ್ 1,106 ದಿನ ಓಡಿ ದಾಖಲೆ ಮುರಿಯಿತು. 962 ದಿನಕ್ಕೆ ನಮ್ಮ ಲೆಕ್ಕದಲ್ಲಿ 108 ಟನ್ ಬೇಕು, ಸುಮಾರು 8,000 ಬಂಡಲ್. ರಿಯಾಕ್ಟರಿನಲ್ಲಿ ಇದ್ದದ್ದೆಲ್ಲ ಎರಡು ಸಲ ಬದಲಾದ ಹಾಗೆ, ಅದೂ ಓಡುತ್ತಿರುವಾಗಲೇ. ಬಸ್ಸು ನಿಲ್ಲಿಸದೆ ಚಕ್ರ ಬದಲಿಸಿದಂಥ ಕೆಲಸ ಅದು. ಪತ್ರಿಕೆಗಳಲ್ಲಿ ದಾಖಲೆಯ ಸುದ್ದಿ ಬಂತು, ಈ ಕೆಲಸದ ಬಗ್ಗೆ ಜಾಸ್ತಿ ಯಾರೂ ಬರೆಯಲಿಲ್ಲ. ನನಗೆ ದಾಖಲೆಗಿಂತ ಇದೇ ದೊಡ್ಡದು.

ಇಲ್ಲಿಯವರೆಗೆ ಒಳಗೆ ಹೋದದ್ದರ ಲೆಕ್ಕ. ಒಳಗೆ ಹೋದ 113 ಕಿಲೋದಲ್ಲಿ ನಿಜವಾಗಿ ಒಡೆದದ್ದು ಎಷ್ಟು?

ಒಂದು ಯುರೇನಿಯಂ ಪರಮಾಣು ಒಡೆದರೆ ಎಷ್ಟು ಶಕ್ತಿ ಬರುತ್ತದೆ ಅಂತ ನಿಮ್ಮ ಪಠ್ಯದಲ್ಲೇ ಇದೆ: 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಒಂದು ಗ್ರಾಂನಲ್ಲಿರುವ ಪರಮಾಣುಗಳನ್ನೆಲ್ಲ ಎಣಿಸಿ ಗುಣಿಸಿದರೆ ಬರುವುದು 0.95 ಮೆಗಾವಾಟ್-ದಿನ. ಒಂದು ಗ್ರಾಂ ಒಡೆದರೆ ಹತ್ತಿರ ಹತ್ತಿರ ಒಂದು ಮೆಗಾವಾಟ್-ದಿನ. ಇದೊಂದನ್ನು ನೆನಪಿಟ್ಟುಕೊಳ್ಳಿ. 756 ಮೆಗಾವಾಟ್ ಒಂದು ದಿನ ಅಂದರೆ ಸುಮಾರು 800 ಗ್ರಾಂ.

ಮುಕ್ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 113 ಕಿಲೋ ಹಾಕಿದ್ದೇವೆ, ಒಡೆದದ್ದು 800 ಗ್ರಾಂ. ಉಳಿದ 112 ಕಿಲೋ?

ನೆಲದಿಂದ ತೆಗೆದ ಯುರೇನಿಯಂನಲ್ಲಿ ಎರಡು ಜಾತಿ. ಸಾವಿರಕ್ಕೆ ಏಳು ಪಾಲು ಯುರೇನಿಯಂ-235, ಮಿಕ್ಕದ್ದೆಲ್ಲ 238. ಸುಲಭವಾಗಿ ಒಡೆಯುವುದು 235 ಮಾತ್ರ. 113 ಕಿಲೋದಲ್ಲಿ 235 ಎಷ್ಟಿದೆ? ಸಾವಿರಕ್ಕೆ 7.1ರ ಲೆಕ್ಕದಲ್ಲಿ 800 ಗ್ರಾಂ. ಒಡೆದದ್ದೂ 800 ಗ್ರಾಂ! ಹಾಗಿದ್ದರೆ 235 ಅಷ್ಟೂ ಸುಟ್ಟು ಮುಗಿಯಿತು ಅಂತ ಅನಿಸುತ್ತದೆ, ಅಲ್ವಾ?

ಇಲ್ಲೇ ಸ್ವಲ್ಪ ನಿಲ್ಲಬೇಕು. ಲೆಕ್ಕ ಕೂಡಿ ಬಂತು ಅಂತ ಮುಂದೆ ಹೋಗಿಬಿಟ್ಟರೆ ತಪ್ಪಾಗುತ್ತದೆ. ಬಳಸಿ ತೆಗೆದ ಬಂಡಲ್‌ಗಳನ್ನು ಪರೀಕ್ಷೆ ಮಾಡಿದರೆ ಅದರಲ್ಲಿ ಇನ್ನೂ 235 ಇರುತ್ತದೆ, ಟನ್ನಿಗೆ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ. ಹೊಸದರಲ್ಲಿ ಇದ್ದದ್ದು ಟನ್ನಿಗೆ ಏಳು ಕಿಲೋ. ಅಂದರೆ ಖರ್ಚಾದದ್ದು ಐದು ಕಿಲೋಗಿಂತ ಕಡಿಮೆ. ಅದರಲ್ಲೂ ಒಂದಿಷ್ಟು ಒಡೆಯದೆ ನ್ಯೂಟ್ರಾನ್ ನುಂಗಿ ಸುಮ್ಮನಾಗಿರುತ್ತದೆ. ಆದರೂ ಶಾಖ ಬಂದದ್ದು ಏಳು ಕಿಲೋ ಒಡೆದಷ್ಟು. ಬಾಕಿಯದು ಎಲ್ಲಿಂದ ಬಂತು?

ನಾವು ಕೆಲಸಕ್ಕೆ ಬಾರದ್ದು ಅಂತ ಬದಿಗಿಟ್ಟ 238ರಿಂದ. ಅದಕ್ಕೆ ಒಂದು ನ್ಯೂಟ್ರಾನ್ ತಾಗಿ ಒಳಗೆ ಸೇರಿಕೊಂಡರೆ, ಕೆಲವು ದಿನಗಳಲ್ಲಿ ಅದು ಪ್ಲುಟೋನಿಯಂ-239 ಆಗಿ ಮಾರ್ಪಡುತ್ತದೆ. ಪ್ಲುಟೋನಿಯಂ 235ರ ಹಾಗೆಯೇ ಸುಲಭವಾಗಿ ಒಡೆಯುತ್ತದೆ. ರಿಯಾಕ್ಟರ್ ತಾನು ಉರಿಯುತ್ತಲೇ ತನಗೆ ಬೇಕಾದ ಒಂದಿಷ್ಟು ಇಂಧನವನ್ನು ತಾನೇ ಮಾಡಿಕೊಳ್ಳುತ್ತದೆ, ಮಾಡಿಕೊಂಡಲ್ಲೇ ಸುಡುತ್ತದೆ. ಕೈಗಾದಂಥ ರಿಯಾಕ್ಟರಿನ ಶಾಖದಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಹೀಗೆ ಬರುತ್ತದೆ. ಹೊರಗೆ ಬರುವಾಗಲೂ ಟನ್ನಿಗೆ ಮೂರೂವರೆ ಕಿಲೋಗಿಂತ ಜಾಸ್ತಿ ಪ್ಲುಟೋನಿಯಂ ಉಳಿದಿರುತ್ತದೆ. ಬಳಸಿದ ಇಂಧನವನ್ನು ನಮ್ಮ ದೇಶ ಕಸ ಅಂತ ನೋಡದೆ ಮರುಸಂಸ್ಕರಣೆ ಮಾಡುವುದು ಈ ಕಾರಣಕ್ಕೇ. ಏಳು ಮತ್ತು ಏಳು ಕೂಡಿ ಬಂದದ್ದು ಬರೀ ಕಾಕತಾಳೀಯ. ಎರಡು ಅಂಕಿ ಒಂದೇ ಆದ ಮಾತ್ರಕ್ಕೆ ಕಾರಣವೂ ಒಂದೇ ಅಂತಲ್ಲ. ಪರೀಕ್ಷೆಯಲ್ಲಿ ಉತ್ತರ ಸರಿ ಬಂದು ದಾರಿ ತಪ್ಪಾಗಿರುವುದಿಲ್ಲವೇ, ಹಾಗೆ.

ಇನ್ನೊಂದು ಸಂಗತಿ. ಸೌದೆ ಸುಟ್ಟರೆ ಬೂದಿ ಹಗುರ. ಕಲ್ಲಿದ್ದಲೂ ಹಾಗೆಯೇ, ಬಹುಪಾಲು ಹೊಗೆಯಾಗಿ ಹೋಗುತ್ತದೆ. ಯುರೇನಿಯಂ ಹಾಗಲ್ಲ. ಒಡೆದ ಪರಮಾಣುವಿನ ಎರಡು ಚೂರುಗಳೂ ಆ ಕಡ್ಡಿಯೊಳಗೇ ಇರುತ್ತವೆ. ಹೊಸದಾಗಿ ಒಳಗೆ ಹೋದ ಬಂಡಲ್‌ನ ತೂಕವೂ ಹೊರಗೆ ಬಂದ ಬಂಡಲ್‌ನ ತೂಕವೂ ತಕ್ಕಡಿಗೆ ಒಂದೇ. ನಿಜವಾಗಿ ಇಲ್ಲವಾಗಿ ಶಕ್ತಿಯಾದದ್ದು ಎಷ್ಟು ಅಂತ ಐನ್‌ಸ್ಟೈನರ ಸೂತ್ರದಿಂದ ನೋಡಿದರೆ, ಇಡೀ ಘಟಕಕ್ಕೆ ಒಂದು ದಿನಕ್ಕೆ 0.73 ಗ್ರಾಂ. ಒಂದು ಗ್ರಾಂ ಕೂಡ ಇಲ್ಲ, ನೂರಾರು ಮೆಗಾವಾಟಿಗೆ.

ಹಾಗಾದರೆ "ಎಷ್ಟು ಇಂಧನ" ಅಂತ ಕೇಳಿದರೆ ಯಾವ ಉತ್ತರ ಕೊಡಬೇಕು? ನೀವು ಎಲ್ಲಿ ನಿಂತು ಕೇಳುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಪರಮಾಣುವಿನ ಪಕ್ಕ ನಿಂತರೆ 800 ಗ್ರಾಂ. ರಿಯಾಕ್ಟರಿನ ಬಾಗಿಲಲ್ಲಿ ನಿಂತರೆ 113 ಕಿಲೋ. ಗಣಿಯ ಬಾಯಲ್ಲಿ ನಿಂತರೆ? ನಮ್ಮ ದೇಶದ ಯುರೇನಿಯಂ ಅದಿರು ಬಡವು. ಜಾರ್ಖಂಡಿನ ಜಾದುಗುಡ ಗಣಿ 1960ರ ದಶಕದಿಂದ ನಡೆಯುತ್ತಿದೆ. ಅಲ್ಲಿಯ ಅದಿರಿನಲ್ಲಿ ಟನ್ನಿಗೆ ಒಂದು ಕಿಲೋ ಯುರೇನಿಯಂ ಕೂಡ ಇಲ್ಲ. ಟನ್ನಿಗೆ ಅರ್ಧ ಕಿಲೋ ಅಂತ ಹಿಡಿಯಿರಿ. ಒಂದು ಘಟಕದ ಒಂದು ದಿನಕ್ಕೆ 226 ಟನ್ ಕಲ್ಲು ಅಗೆದು, ಪುಡಿ ಮಾಡಿ, ಆಸಿಡ್ಡಿನಲ್ಲಿ ನೆನೆಸಿ ತೆಗೆಯಬೇಕು. ಹದಿನಾಲ್ಕು ಹದಿನೈದು ಟಿಪ್ಪರ್ ಲೋಡು. ತೆಗೆಯುವಾಗ ನಷ್ಟವಾಗುವುದನ್ನೂ ಸೇರಿಸಿದರೆ ಇನ್ನೂ ಜಾಸ್ತಿ. ಆ ಪುಡಿಯಾದ ಕಲ್ಲೆಲ್ಲ ಗಣಿಯ ಊರಿನಲ್ಲೇ ಉಳಿಯುತ್ತದೆ. ಇಲ್ಲಿ ನಾವು "ಒಂದು ಕೊಡದಷ್ಟು ಇಂಧನ" ಅಂದು ಖುಷಿಪಡುವಾಗ ಆ ಊರುಗಳನ್ನು ಲೆಕ್ಕದಿಂದ ಬಿಡಬಾರದು. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಯುರೇನಿಯಂ ಸಿಕ್ಕಿದೆ. ಅಲ್ಲಿಯ ಜನ ಗಣಿಗೆ ಯಾಕೆ ವಿರೋಧ ಮಾಡಿದರು ಅನ್ನುವುದನ್ನೂ ನಾವು ಕಿವಿಗೊಟ್ಟು ಕೇಳಬೇಕು.

ಈ ಲೆಕ್ಕ ಕಾಗದದ ಮೇಲಿನ ಆಟ ಅಲ್ಲ ಅಂತ ಗೊತ್ತಾದದ್ದು 2007-08ರ ಸುಮಾರಿಗೆ. ಆಗ ದೇಶದಲ್ಲಿ ರಿಯಾಕ್ಟರುಗಳು ಹೆಚ್ಚಾಗಿದ್ದವು, ಯುರೇನಿಯಂ ಅಷ್ಟು ಬರುತ್ತಿರಲಿಲ್ಲ. ಹೊರದೇಶಗಳು ಮಾರುತ್ತಿರಲಿಲ್ಲ. ಸಿಲಿಂಡರ್ ಮುಗಿಯುತ್ತಾ ಬಂದು ಹೊಸದು ಬರದಿದ್ದಾಗ ಮನೆಯಲ್ಲಿ ಏನು ಮಾಡುತ್ತೇವೆ? ಸ್ನಾನದ ನೀರಿಗೆ ಹಂಡೆಯ ಒಲೆ, ಗ್ಯಾಸಿನಲ್ಲಿ ಅನ್ನ ಸಾರು ಮಾತ್ರ. ರಿಯಾಕ್ಟರುಗಳಲ್ಲೂ ಅದನ್ನೇ ಮಾಡಿದರು. ಶಕ್ತಿ ತಗ್ಗಿಸಿ, ಇದ್ದ ಬಂಡಲ್‌ಗಳನ್ನು ಹೆಚ್ಚು ದಿನ ಎಳೆದರು. ದೇಶದ ಅಣು ವಿದ್ಯುತ್ ಕೇಂದ್ರಗಳು ಸರಾಸರಿ ಅರ್ಧದಷ್ಟೇ ಶಕ್ತಿಯಲ್ಲಿ ಓಡಿದ ವರ್ಷಗಳು ಅವು. ಕೈಗಾದ 3ನೇ ಘಟಕ 2007ರಲ್ಲಿ ಬಂತು, 4ನೇದು 2011ರಲ್ಲಿ. ನಡುವೆ ಇಷ್ಟು ಅಂತರ ಬೀಳಲು ಇಂಧನದ ಕೊರತೆಯೂ ಒಂದು ಕಾರಣ.

2008ರ ಸೆಪ್ಟೆಂಬರಿನಲ್ಲಿ ಪರಮಾಣು ಪೂರೈಕೆದಾರ ದೇಶಗಳ ಕೂಟ ಭಾರತಕ್ಕೆ ವಿನಾಯಿತಿ ಕೊಟ್ಟಿತು. ಹೊರಗಿನಿಂದ ಯುರೇನಿಯಂ ಬರಲು ಶುರುವಾಯಿತು. ಆದರೆ ಹಾಗೆ ಬಂದದ್ದನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ರಿಯಾಕ್ಟರುಗಳಲ್ಲಿ ಮಾತ್ರ ಬಳಸಬಹುದು. ಕೈಗಾದ ನಾಲ್ಕು ಘಟಕಗಳು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕೈಗಾ ಓಡುವುದು ದೇಶದೊಳಗಿನ ಯುರೇನಿಯಂನಿಂದ. ವರ್ಷಕ್ಕೆ ಎಷ್ಟು? ವರ್ಷದಲ್ಲಿ ನೂರಕ್ಕೆ 85ರಷ್ಟು ಓಡುತ್ತದೆ ಅಂತ ಇಟ್ಟುಕೊಂಡರೆ ಒಂದು ಘಟಕಕ್ಕೆ 35 ಟನ್, ನಾಲ್ಕಕ್ಕೆ 140 ಟನ್. ಜಾದುಗುಡದ ಆಳದಲ್ಲಿ ಕೆಲಸ ಮಾಡುವ ಒಬ್ಬ ಗಣಿ ಕಾರ್ಮಿಕನಿಗೂ ನಮ್ಮ ಕದ್ರಾದ ಬೀದಿ ದೀಪಕ್ಕೂ ಇರುವ ನೇರ ನಂಟು ಇದು.

ಕಲ್ಲಿದ್ದಲಿನ ಜೊತೆ ಹೋಲಿಸಿ ಅಂತ ಮೊದಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಹೋಲಿಸೋಣ. ರಾಯಚೂರಿನ ಶಕ್ತಿನಗರದಲ್ಲಿ 210 ಮೆಗಾವಾಟಿನ ಏಳು ಘಟಕಗಳಿವೆ. ಗಾತ್ರದಲ್ಲಿ ಕೈಗಾದ ಒಂದು ಘಟಕಕ್ಕೆ ಸರಿಜೋಡಿ. ಒಂದು ಯೂನಿಟ್ ಕರೆಂಟಿಗೆ ನಮ್ಮ ದೇಶದ ಕಲ್ಲಿದ್ದಲು ಸುಮಾರು 700 ಗ್ರಾಂ ಬೇಕು. 210 ಮೆಗಾವಾಟ್ ದಿನವಿಡೀ ಓಡಿದರೆ 50 ಲಕ್ಷ ಯೂನಿಟ್. ಕಲ್ಲಿದ್ದಲು 3,500 ಟನ್. ಹತ್ತಿರ ಹತ್ತಿರ ಒಂದು ಇಡೀ ಗೂಡ್ಸ್ ರೈಲು, 58 ವ್ಯಾಗನ್, ದಿನವೂ. ಈ ಕಡೆ ಎಂಟು ಬಂಡಲ್, ಒಂದು ಸಣ್ಣ ಟೆಂಪೋ.

ತಮಿಳುನಾಡಿನ ಕೂಡಂಕುಳಂ ಬಗ್ಗೆಯೂ ಒಂದು ಮಾತು. ಅದು ರಷ್ಯಾದ ಮಾದರಿ, ಒಂದು ಘಟಕ 1,000 ಮೆಗಾವಾಟ್. ಅಲ್ಲಿ 235ರ ಪಾಲನ್ನು ನೂರಕ್ಕೆ ನಾಲ್ಕರ ಸುಮಾರಿಗೆ ಹೆಚ್ಚಿಸಿದ ಇಂಧನ. ಒಂದು ಟನ್ 43,000 ಮೆಗಾವಾಟ್-ದಿನದಷ್ಟು ಕೊಡುತ್ತದೆ. ಹಾಗಾಗಿ ವರ್ಷಕ್ಕೆ ಇಪ್ಪತ್ತೆರಡು ಟನ್ನಿನಷ್ಟು ಸಾಕು. ಕೈಗಾಕ್ಕೆ 140, ಅದಕ್ಕೆ 22 ಅಂದರೆ ಅದೇ ಒಳ್ಳೆಯದಲ್ಲವಾ ಅಂತ ಕೇಳಬಹುದು. ಆದರೆ ಆ 22 ಟನ್ ಮಾಡಲು ನೆಲದ ಯುರೇನಿಯಂ ಎಂಟು ಪಟ್ಟು ಬೇಕು, ಸುಮಾರು 175 ಟನ್. ಮೆಗಾವಾಟಿಗೆ ಭಾಗಿಸಿ ನೋಡಿದರೆ ಕೈಗಾ ಸ್ವಲ್ಪ ಕಡಿಮೆಯೇ ತಿನ್ನುತ್ತದೆ. ಬಾಗಿಲು ಯಾವುದು ಅಂತ ನೋಡದೆ ಎರಡು ಅಂಕಿ ಹೋಲಿಸಬಾರದು.

ಕೊನೆಗೆ ನಿಮ್ಮ ಮನೆಗೆ ಬರೋಣ. ತಿಂಗಳಿಗೆ 100 ಯೂನಿಟ್ ಬಳಸುವ ಮನೆ ಅಂತ ಇಟ್ಟುಕೊಳ್ಳಿ. ಕೈಗಾದ ಘಟಕ ದಿನಕ್ಕೆ 52 ಲಕ್ಷ ಯೂನಿಟ್ಟಿಗೂ ಜಾಸ್ತಿ ಕೊಡುತ್ತದೆ. ಭಾಗಿಸಿದರೆ ಯೂನಿಟ್ಟಿಗೆ 21 ಮಿಲಿಗ್ರಾಂ ಯುರೇನಿಯಂ, ನಿಮ್ಮ ತಿಂಗಳ ಬಿಲ್ಲಿಗೆ ಎರಡು ಗ್ರಾಂ. ಅದರಲ್ಲಿ ಒಡೆಯುವುದು 15 ಮಿಲಿಗ್ರಾಂ. ಆ ಒಂದು ಬಂಡಲ್, ನಾನು ಕೈಯಲ್ಲಿ ಎತ್ತಬಹುದು ಅಂದೆನಲ್ಲ, ಅದು ಕೊಡುವುದು 6 ಲಕ್ಷಕ್ಕೂ ಮೇಲೆ ಯೂನಿಟ್. ಒಂದು ಮನೆಗೆ 500 ವರ್ಷ ಬರುತ್ತದೆ. ಅಮ್ಮನ ಕ್ಯಾಲೆಂಡರಿನ ಲೆಕ್ಕದಲ್ಲಿ, ಬರೀ ಶಾಖ ನೋಡಿದರೆ ಒಂದು ಬಂಡಲ್ ಅಂದರೆ 12,000 ಸಿಲಿಂಡರ್.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮುಂದಿನ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ಕೈಗಾದಲ್ಲಿ ಇನ್ನೂ ಎರಡು ಬರುತ್ತವಂತಲ್ಲ, 700 ಮೆಗಾವಾಟಿಂದು, ಅದಕ್ಕೆ ಎಷ್ಟು?" ಅಂತ ಕೇಳಿದಳು. ಅದರ ಶಾಖ 2,166 ಮೆಗಾವಾಟ್, ಇಂಧನ ಇದೇ ಜಾತಿಯದು, ನೀನೇ ಮಾಡಮ್ಮ ಅಂದೆ. ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಭಾಗಿಸಿದಳು. ಪಕ್ಕದಲ್ಲಿದ್ದ ಅವಳ ಅಜ್ಜಿ ಹಾಳೆಯ ಕಡೆಗೇ ನೋಡುತ್ತಿದ್ದರು.

"323 ಕಿಲೋ ಸರ್, ದಿನಕ್ಕೆ" ಅಂದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಮೂರು ಕೊಡ ಅಜ್ಜಿ" ಅಂದಳು.